ಅವ್ವನ ಟ್ರಂಕಿನ ಸೀರೆ, ಮಗನ ಟೀ ಶರ್ಟು

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬಟ್ಟೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ದಿನವೂ ವಾದ ನಡೆಯುತ್ತದೆ. ಅವ್ವನ ಟ್ರಂಕಿನಲ್ಲಿ 1974ರ ಮದುವೆಗೆ ತಂದ ಇಳಕಲ್ ಸೀರೆ ಇದೆ. ಇಂದಿಗೂ ಬಣ್ಣ ಕೆಟ್ಟಿಲ್ಲ, ಎಳೆ ಬಿಟ್ಟಿಲ್ಲ. ನಾನು ಕಳೆದ ವರ್ಷ ಗೃಹಪ್ರವೇಶಕ್ಕೆಂದು ಕೊಂಡ ಇಳಕಲ್ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಜೊತೆಗೆ ನೆನೆಸಿದ್ದ ಗುಳೇದಗುಡ್ಡ ಖಣದ ಕುಬಸವನ್ನೂ ಕೆಡಿಸಿತು. ಉಪ್ಪು ಹಾಕಿ ನೆನೆಸಿದರೂ ನಿಲ್ಲಲಿಲ್ಲ. ನಮ್ಮ ಯಜಮಾನರು ಬಸ್ ಕಂಡಕ್ಟರ್. ವಿಜಯಪುರದ ಕಡೆಯ ಮಾರ್ಗ. ಬೇಸಿಗೆ ಬಂದರೆ ಖಾಕಿ ಅಂಗಿಯೊಳಗೆ ಬೆನ್ನೆಲ್ಲ ಗುಳ್ಳೆ, ತುರಿಕೆ. ಮಗನ ಆಟದ ಟೀ ಶರ್ಟು ಒಗೆದ ಮೇಲೂ ನಾರುತ್ತದೆ. ಪಾಲಿಯೆಸ್ಟರ್ ತೊಟ್ಟರೆ ಕ್ಯಾನ್ಸರ್ ಬರುತ್ತದೆ ಎಂದು ಮೊಬೈಲಿನಲ್ಲಿ ಸಂದೇಶ ಬಂದಿದೆ. ಅವ್ವ ‘ಈಗಿನ ಅರಿವೆ ಕೌದಿಗೂ ಬರುವುದಿಲ್ಲ’ ಎನ್ನುತ್ತಾಳೆ. ಬಟ್ಟೆ ನಿಜವಾಗಿ ಸುಧಾರಿಸಿದೆಯೇ, ಕೆಟ್ಟಿದೆಯೇ? ಎಲ್ಲ ಬಿಟ್ಟು ಬರೀ ಹತ್ತಿಗೆ ಮರಳಬೇಕೆ?

ಉತ್ತರ: ಮೊದಲು ನಿಮ್ಮ ಅವ್ವನಿಗೆ ನನ್ನದೊಂದು ಪ್ರಶ್ನೆ ಇದೆ. ಮದುವೆಯ ಸೀರೆ ಟ್ರಂಕಿನಲ್ಲಿದೆ, ಸರಿ. ಅದೇ ವರ್ಷ ಅವರು ಹೊಲಕ್ಕೆ, ಒಲೆಯ ಮುಂದೆ, ಹಳ್ಳಕ್ಕೆ ಉಟ್ಟು ಹೋಗುತ್ತಿದ್ದ ಸೀರೆಗಳು ಎಲ್ಲಿವೆ?

ಉತ್ತರ ಅವರಿಗೂ ಗೊತ್ತು, ನಮಗೂ ಗೊತ್ತು. ಕೆಲವು ಕೌದಿಯಾದವು, ಕೆಲವು ತೊಟ್ಟಿಲಿಗೆ ಹೋದವು, ಉಳಿದವು ನೆಲ ಒರೆಸಿ ಸವೆದವು. ನಾಗರಪಂಚಮಿಗೆ ಒಮ್ಮೆ, ಬನಶಂಕರಿ ಜಾತ್ರೆಗೆ ಒಮ್ಮೆ ಉಟ್ಟು, ನೆರಳಲ್ಲಿ ಆರಿಸಿ, ಮಡಿಸಿ ಇಟ್ಟ ಸೀರೆ ಐವತ್ತು ವರ್ಷ ಬಾಳುವುದು ದೊಡ್ಡ ಪವಾಡವಲ್ಲ. ಆ ಕಾಲದ ಉತ್ತಮ ಬಟ್ಟೆ ಉಳಿದಿದೆ, ಸಾಧಾರಣ ಬಟ್ಟೆ ಕಣ್ಮರೆಯಾಗಿದೆ. ನಾವು ಉಳಿದದ್ದನ್ನು ಮುಂದಿಟ್ಟುಕೊಂಡು ಇಂದಿನ ಸಂತೆಯ ಬಟ್ಟೆಯ ಜೊತೆ ಹೋಲಿಸುತ್ತೇವೆ. ಈ ತೂಕ ಸರಿಯಲ್ಲ. ಆದರೆ ನಿಮ್ಮ ಅವ್ವ ಹೇಳುವುದರಲ್ಲಿ ಹುರುಳಿಲ್ಲ ಎಂದೂ ನಾನು ಹೇಳಲಾರೆ. 33 ವರ್ಷ ನೂಲಿಗೆ ಬಣ್ಣ ಹಾಕುವ ‘ಬಣ್ಣದ ಮನೆ’ಗಳಲ್ಲಿ ಕಳೆದವನು ನಾನು. ಮೊದಲು ರಬಕವಿ-ಬನಹಟ್ಟಿಯಲ್ಲಿ, ಆಮೇಲೆ ಬೆಳಗಾವಿಯ ವಡಗಾವಿಯಲ್ಲಿ. ಬಟ್ಟೆಯ ವಿದ್ಯೆ ಆ ಅವಧಿಯಲ್ಲಿ ಬಹಳ ಮುಂದೆ ಹೋದದ್ದನ್ನೂ ನೋಡಿದ್ದೇನೆ, ಆ ವಿದ್ಯೆಯನ್ನು ಬಳಸದೆ ಕಾಸು ಉಳಿಸುವವರನ್ನೂ ನೋಡಿದ್ದೇನೆ.

ಸೀರೆಯಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಸಿಟ್ಟು ಇರುವುದು ಅಲ್ಲಿ.

ಬಣ್ಣ ನೂಲಿಗೆ ಅಂಟುವುದು ಒಂದೇ ರೀತಿಯಲ್ಲಲ್ಲ. ಅಗ್ಗದ ‘ಡೈರೆಕ್ಟ್’ ಬಣ್ಣಗಳು ಹತ್ತಿಯ ಎಳೆಯ ಮೇಲೆ ಸುಮ್ಮನೆ ಕುಳಿತಿರುತ್ತವೆ. ನೀರು ಕಂಡರೆ ಎದ್ದು ಹೊರಡುತ್ತವೆ. ‘ವ್ಯಾಟ್’ ಬಣ್ಣಗಳು ಎಳೆಯೊಳಗೆ ಹೋಗಿ ನೀರಿನಲ್ಲಿ ಕರಗದ ರೂಪ ತಾಳುತ್ತವೆ. ಅವು ಗಟ್ಟಿ, ಆದರೆ ದುಬಾರಿ. ನಮ್ಮ ಭಾಗದ ಕೈಮಗ್ಗಗಳಲ್ಲಿ ಕೆಂಪಿಗೆ ಬಹುಕಾಲ ಬಳಸಿದ್ದು ‘ನ್ಯಾಫ್ತಾಲ್’. ಅದು ಒಗೆತಕ್ಕೆ ನಿಲ್ಲುತ್ತದೆ, ಉಜ್ಜಿದರೆ ಮಾತ್ರ ಕೈಗೆ ಹತ್ತುತ್ತದೆ. 1956ರಲ್ಲಿ ಇಂಗ್ಲೆಂಡಿನ ಒಂದು ಕಂಪನಿ ‘ರಿಯಾಕ್ಟಿವ್’ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಇವು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಗಿಳಿಹಸಿರು, ಕಡುಗುಲಾಬಿಯಂಥ ಹೊಳಪಿನ ಬಣ್ಣಗಳು ಸಾಧಾರಣ ಹತ್ತಿ ಬಟ್ಟೆಯಲ್ಲಿ ವರ್ಷಗಟ್ಟಲೆ ನಿಲ್ಲುವಂತಾದದ್ದು ಇದರಿಂದ. ನನ್ನ ಲೆಕ್ಕದಲ್ಲಿ ದಿನಬಳಕೆಯ ಬಟ್ಟೆಗೆ ಸಿಕ್ಕ ಅತಿ ದೊಡ್ಡ ವರ ಇದೇ. ಟೆರಿಲೀನ್ ಎಂಬ ಪಾಲಿಯೆಸ್ಟರ್ ಬಟ್ಟೆಗಿಂತ ದೊಡ್ಡದು.

ಹಾಗಾದರೆ ನಿಮ್ಮ ಸೀರೆ ಏಕೆ ಬಣ್ಣ ಬಿಟ್ಟಿತು? ಇಲ್ಲಿ ಬಣ್ಣದ ಮನೆಯ ಒಳಗುಟ್ಟು ಹೇಳಬೇಕು. ರಿಯಾಕ್ಟಿವ್ ಬಣ್ಣ ತೊಟ್ಟಿಗೆ ಹಾಕಿದಷ್ಟೂ ನೂಲಿಗೆ ಬೆಸೆಯುವುದಿಲ್ಲ. ನೂರಕ್ಕೆ 60ರಿಂದ 80 ಭಾಗ ಬೆಸೆಯುತ್ತದೆ. ಮಿಕ್ಕದ್ದು ನೀರಿನೊಡನೆ ಕೂಡಿ ಕೆಟ್ಟು, ನೂಲಿನ ಮೇಲೆ ಸುಮ್ಮನೆ ಅಂಟಿಕೊಂಡಿರುತ್ತದೆ. ಅದನ್ನು ಕುದಿಯುವಷ್ಟು ಬಿಸಿಯಾದ ಸಾಬೂನು ನೀರಿನಲ್ಲಿ ಎರಡು ಮೂರು ಬಾರಿ ತೊಳೆದು ತೆಗೆಯಬೇಕು. ಅದಕ್ಕೆ ನೀರು ಬೇಕು, ಉರುವಲು ಬೇಕು, ಹೊತ್ತು ಬೇಕು. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಕೊಡ ನೀರಿಗೆ ಪರದಾಡುವ ಊರುಗಳಿವೆ. ಅಲ್ಲಿ ಬಣ್ಣದವನು ಮೂರು ತೊಳೆತದ ಬದಲು ಒಂದೇ ತೊಳೆತಕ್ಕೆ ನಿಲ್ಲಿಸುತ್ತಾನೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಕೆಲಸ ಅರ್ಧಕ್ಕೆ ನಿಂತದ್ದಂತೂ ನಿಜ. ಉಳಿದ ತೊಳೆತ ನಿಮ್ಮ ಬಚ್ಚಲಲ್ಲಿ ನಡೆಯಿತು, ನಿಮ್ಮ ಕುಬಸದ ಮೇಲೆ.

ನಿಮ್ಮ ಸೀರೆಯ ಸೆರಗು ರೇಷ್ಮೆಯದಾಗಿದ್ದರೆ ಕಥೆ ಸ್ವಲ್ಪ ಬೇರೆ. ರೇಷ್ಮೆಗೆ ಸಾಮಾನ್ಯವಾಗಿ ಹಾಕುವುದು ‘ಆ್ಯಸಿಡ್’ ಬಣ್ಣ. ಅದರ ಹಿಡಿತ ರಿಯಾಕ್ಟಿವ್ ಬಣ್ಣದಷ್ಟು ಬಿಗಿಯಲ್ಲ. ‘ಟೋಪ್ ತೆನಿ’ ಎಂಬ ಇಳಕಲ್ಲಿನ ಸಾಂಪ್ರದಾಯಿಕ ಸೆರಗಿನಲ್ಲಿ ಕೆಂಪಿನ ಪಕ್ಕದಲ್ಲೇ ಬಿಳಿ ಇರುತ್ತದೆ. ಆದ್ದರಿಂದ ಸ್ವಲ್ಪ ಬಣ್ಣ ಕದಲಿದರೂ ಕಣ್ಣಿಗೆ ರಾಚುತ್ತದೆ. ಇನ್ನು ಸೆರಗು, ದಡಿ ‘ಚಮಕಾ’ದ್ದಾಗಿದ್ದರೆ, ಅಂದರೆ ಕೃತಕ ರೇಷ್ಮೆಯದಾಗಿದ್ದರೆ, ಇನ್ನೊಂದು ಎಚ್ಚರ ಬೇಕು. ಅದು ಮರದ ತಿರುಳಿನಿಂದ ಮಾಡಿದ ವಿಸ್ಕೋಸ್ ನೂಲು. ಹತ್ತಿ ಒದ್ದೆಯಾದಾಗ ಮತ್ತಷ್ಟು ಗಟ್ಟಿಯಾಗುತ್ತದೆ, ವಿಸ್ಕೋಸ್ ಒದ್ದೆಯಾದಾಗ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಹತ್ತಿ ಸೀರೆಯನ್ನು ಕಲ್ಲಿಗೆ ಬಡಿದು ಒಗೆದ ಕೈ ಚಮಕಾ ಸೆರಗಿನ ಮೇಲೂ ಅದೇ ರಭಸ ತೋರಿಸಿದರೆ ಸೆರಗು ಹೋಗುತ್ತದೆ, ಒಡಲು ಉಳಿಯುತ್ತದೆ.

ಉಪ್ಪಿನ ವಿಷಯ. ಊರೂರಿನಲ್ಲಿ ಎಲ್ಲರೂ ಹೇಳುವ ಮದ್ದು ಇದು. ಬಣ್ಣದ ತೊಟ್ಟಿಗೆ ನಾವು ಮಣಗಟ್ಟಲೆ ಉಪ್ಪು ಹಾಕುವುದು ನಿಜ. ಆದರೆ ಅದು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುವುದಕ್ಕೆ. ಬೆಸೆಯುವ ಕೆಲಸ ಸೋಡಾದ್ದು, ಅದೂ ಬಣ್ಣ ಹಾಕುವ ಹೊತ್ತಿನಲ್ಲಿ. ಸೀರೆ ಅಂಗಡಿ ದಾಟಿ ಮನೆಗೆ ಬಂದ ಮೇಲೆ ಉಪ್ಪು ನೀರಿನಲ್ಲಿ ನೆನೆಸಿದರೆ ಸಡಿಲ ಬಣ್ಣ ಆ ಹೊತ್ತಿಗೆ ಸ್ವಲ್ಪ ನಿಧಾನವಾಗಿ ಬಿಡುತ್ತದೆ. ಮುಂದಿನ ಒಗೆತಕ್ಕೆ ಮತ್ತೆ ಹೊರಡುತ್ತದೆ. ವಿನಿಗರ್ ರೇಷ್ಮೆಯ ಬಣ್ಣಕ್ಕೆ ಆ ಒಂದು ತೊಳೆತದ ಮಟ್ಟಿಗೆ ಸ್ವಲ್ಪ ಆಸರೆ ಕೊಡುತ್ತದೆ, ಹತ್ತಿಗೆ ಏನೂ ಮಾಡುವುದಿಲ್ಲ.

ಅವ್ವನಿಗೆ ಇನ್ನೊಂದು ಮಾತು ಕೇಳಿ ನೋಡಿ: ಮದುವೆಯ ಸೀರೆಯನ್ನು ಮೊದಲ ಬಾರಿ ಒಗೆದಾಗ ಬೇರೆ ಬಟ್ಟೆಯ ಜೊತೆ ನೆನೆಸಿದ್ದರೇ? ಖಂಡಿತ ಇಲ್ಲ. ನಮ್ಮ ತಾಯಂದಿರು ಹೊಸ ಸೀರೆಯನ್ನು ಮೂರು ನಾಲ್ಕು ಬಾರಿ ಒಂಟಿಯಾಗಿಯೇ ಒಗೆಯುತ್ತಿದ್ದರು. ಹಳೆಯ ಸೀರೆಯೂ ಬಣ್ಣ ಬಿಟ್ಟಿತ್ತು, ಬಿಟ್ಟ ಬಣ್ಣ ಹಳ್ಳದ ಪಾಲಾಯಿತು ಅಷ್ಟೆ.

ಈಗ ಏನು ಮಾಡಬಹುದು? ಸೀರೆ ಹತ್ತಿ ಒಡಲಿನದಾಗಿದ್ದರೆ ತಣ್ಣೀರಿನಲ್ಲಿ, ಮೃದುವಾದ ಒಗೆಯುವ ಪುಡಿ ಹಾಕಿ, ನೆನೆಸಿಡದೆ, ನೀರು ತಿಳಿಯಾಗುವವರೆಗೆ ಬೇಗ ಬೇಗ ಒಂಟಿಯಾಗಿ ಒಗೆಯಿರಿ. ಸೆರಗನ್ನು ಒಡಲಿಗೆ ತಾಗದಂತೆ ಹರಡಿ, ನೆರಳಿನಲ್ಲಿ ಆರಿಸಿ. ಒದ್ದೆ ಸೀರೆಯನ್ನು ಮಡಿಸಿ ಬಕೆಟ್ಟಿನಲ್ಲಿ ಬಿಡುವುದೇ ಹೆಚ್ಚಿನ ಕಲೆಗಳ ಮೂಲ. ರೇಷ್ಮೆ ಹಾಸಿನ, ಅಂದರೆ ಉದ್ದದ ಎಳೆಗಳು ರೇಷ್ಮೆಯದಾದ ಸೀರೆಯಾದರೆ ಡ್ರೈಕ್ಲೀನ್ ಮಾಡಿಸುವುದೇ ಕ್ಷೇಮ, ಖರ್ಚು ಹೆಚ್ಚಾದರೂ. ಕಲೆಯಾದ ಕುಬಸಕ್ಕೆ ಇನ್ನೂ ಇಸ್ತ್ರಿ ಮಾಡಿಲ್ಲವಾದರೆ ಸ್ವಲ್ಪ ಆಸೆ ಇದೆ. ತಣ್ಣನೆಯ ಪುಡಿ ನೀರಿನಲ್ಲಿ ನೆನೆಸಿ, ಗಂಟೆಗೊಮ್ಮೆ ನೀರು ಬದಲಿಸಿ. ಇಸ್ತ್ರಿಯ ಬಿಸಿ ಬಿದ್ದರೆ ಕಲೆ ಮತ್ತಷ್ಟು ಊರಿಕೊಳ್ಳುತ್ತದೆ. ಬ್ಲೀಚ್ ಮಾತ್ರ ಮುಟ್ಟಬೇಡಿ. ಖಣದಲ್ಲಿ ರೇಷ್ಮೆ ಇದ್ದರೆ ಬ್ಲೀಚು ಅದನ್ನು ಹಳದಿಗೆ ತಿರುಗಿಸಿ ತಿಂದುಹಾಕುತ್ತದೆ. ಬಣ್ಣ ತೆಗೆಯುವ ಪುಡಿ ಹಾಕಿ ಕೊಡುತ್ತೇವೆ ಎನ್ನುವ ಅಂಗಡಿಗಳಿವೆ. ಅವರು ಕಲೆಯ ಬಣ್ಣವನ್ನು ತೆಗೆಯುವಾಗ ಖಣದ ಸ್ವಂತ ಬಣ್ಣವೂ ಹೋಗಬಹುದು. ಅಷ್ಟು ಅಪಾಯಕ್ಕೆ ಸಿದ್ಧವಿದ್ದರೆ ಮಾತ್ರ ಕೊಡಿ.

ನಿಮ್ಮ ಸೀರೆ ನಿಜಕ್ಕೂ ಇಳಕಲ್ಲಿನ ಕೈಮಗ್ಗದ್ದೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಆರಂಭವಾಗುವ ಜಾಗವನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರೆ ಒಂದು ಬಣ್ಣದ ಹಾಸು ನಿಂತು ಇನ್ನೊಂದು ಹಾಸು ಹಿಡಿದುಕೊಂಡ ಸಾಲು ಕಾಣುತ್ತದೆ. ಪವರ್‌ಲೂಮಿನ ನಕಲಿನಲ್ಲಿ ಈ ಕೊಂಡಿಯ ಸಾಲು ಇರುವುದಿಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ಅಂಗಡಿಯ ಫಲಕ ಓದುವುದಕ್ಕಿಂತ ಸೀರೆಯ ಹಿಂಬದಿ ಓದುವುದು ಹೆಚ್ಚು ನಂಬಿಕೆಯದು.

ಇನ್ನು ‘ಬಟ್ಟೆ ಸುಧಾರಿಸಿದೆಯೇ’ ಎಂಬ ದೊಡ್ಡ ಪ್ರಶ್ನೆ. ನಿಮಗೆ ನೆನಪಿರಬಹುದು, ನಿಮ್ಮ ಅವ್ವನಿಗಂತೂ ನೆನಪಿರುತ್ತದೆ: ಅಂಗಿ ಬಟ್ಟೆ ತೆಗೆದುಕೊಂಡು ಹೋದರೆ ದರ್ಜಿ ‘ಮೊದಲು ನೀರಿಗೆ ಹಾಕಿ ತನ್ನಿರಿ’ ಎನ್ನುತ್ತಿದ್ದ. ಮಕ್ಕಳ ಚಡ್ಡಿಗೆ ಒಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಯುತ್ತಿದ್ದ. ಮಗು ಬೆಳೆಯುತ್ತದೆ ಎಂಬುದು ಒಂದು ಕಾರಣ, ಬಟ್ಟೆ ಕುಗ್ಗುತ್ತದೆ ಎಂಬುದು ಇನ್ನೊಂದು. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ನೂಲು ನೀರು ಕಂಡಾಗ ಸಡಿಲಗೊಂಡು ತನ್ನ ಜಾಗಕ್ಕೆ ಮರಳುತ್ತದೆ. ಒಂದು ಮೀಟರಿಗೆ ಐದಾರು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯವಾಗಿತ್ತು. ಅಮೆರಿಕದ ಸ್ಯಾನ್‌ಫೋರ್ಡ್ ಕ್ಲುವೆಟ್ ಎಂಬುವರು 1930ರ ಸುಮಾರಿಗೆ ಇದಕ್ಕೊಂದು ಯಂತ್ರ ಮಾಡಿದರು. ಒದ್ದೆ ಬಟ್ಟೆಯನ್ನು ದಪ್ಪ ಪಟ್ಟಿಯ ಜೊತೆ ಓಡಿಸಿ, ಮಾರುವ ಮೊದಲೇ ಅದನ್ನು ಕುಗ್ಗಿಸಿಬಿಡುವುದು. ‘ಸ್ಯಾನ್‌ಫರೈಸ್ಡ್’ ಎಂದು ಥಾನಿನ ಅಂಚಿನಲ್ಲಿ ಅಚ್ಚು ಹಾಕುತ್ತಿದ್ದದ್ದು ಇದಕ್ಕೇ. ಆಗ ಅದು ದೊಡ್ಡ ಗಿರಣಿಗಳ ಹೆಗ್ಗಳಿಕೆ. ಈಗ ಸಿದ್ಧ ಉಡುಪಿನ ಒಳ್ಳೆಯ ಬಟ್ಟೆಗೆಲ್ಲ ಇಂಥ ಸಂಸ್ಕಾರ ಆಗಿರುತ್ತದೆ, ಯಾರೂ ಹೇಳಿಕೊಳ್ಳುವುದೂ ಇಲ್ಲ. ನಿಮ್ಮ ಮಗನ ಅಂಗಿಯ ಕೊರಳು ಎರಡನೆಯ ಒಗೆತಕ್ಕೆ ಬಿಗಿಯಾಗುವುದಿಲ್ಲ. ಇಂಥ ಸುಧಾರಣೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಯಾರೂ ಹೊಗಳುವುದಿಲ್ಲ.

ನೂಲಿನ ಕಥೆ ನಮ್ಮ ಹತ್ತಿರದ್ದೇ. ನಮ್ಮ ಭಾಗದ ಜಯಧರ ಹತ್ತಿ ಗಟ್ಟಿಮುಟ್ಟು, ಬರಕ್ಕೆ ಬಗ್ಗದ ಬೆಳೆ. ಆದರೆ ಎಳೆ ಗಿಡ್ಡ. ಅದರಿಂದ ದಪ್ಪ ನೂಲು ಬರುತ್ತದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ಬಿಡುಗಡೆ ಮಾಡಿದರು. ಆಮೇಲೆ ಅಲ್ಲಿಂದಲೇ ಡಿಸಿಎಚ್-32 ಎಂಬ ಇನ್ನೊಂದು ಹೈಬ್ರಿಡ್ ಹತ್ತಿ ಬಂತು. ಈ ಉದ್ದ ಎಳೆಯ ಹತ್ತಿಗಳಿಂದ ನಯವಾದ, ಸಣ್ಣ ನೂಲು ತೆಗೆಯುವುದು ಸಾಧ್ಯವಾಯಿತು. ಗಿರಣಿಗಳಲ್ಲಿ ಎಳೆ ಹರಿದಾಗ ಗಂಟು ಹಾಕುವ ಬದಲು ಗಾಳಿಯ ಒತ್ತಡದಿಂದ ಹೆಣೆದು ಸೇರಿಸುವ ಯಂತ್ರಗಳು ಬಂದವು. ಹಳೆಯ ಪಾಪ್ಲಿನ್ ತುಂಡು ಸಿಕ್ಕರೆ ಬೆರಳಾಡಿಸಿ ನೋಡಿ, ಅಲ್ಲಲ್ಲಿ ಸಾಸಿವೆಯಂಥ ಗಂಟು ತಗಲುತ್ತವೆ. ಇಂದಿನ ಒಳ್ಳೆಯ ಅಂಗಿ ಬಟ್ಟೆಯಲ್ಲಿ ಅವು ಇಲ್ಲ. (2002ರಲ್ಲಿ ಬಂದ ಬಿಟಿ ಹತ್ತಿಯನ್ನು ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದು ಕಾಯಿಕೊರಕದ ವಿರುದ್ಧದ ಗುಣ. ಬಟ್ಟೆಯ ನಯಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.)

ಹಾಗಾದರೆ ಕೆಟ್ಟದ್ದು ಯಾವುದು? ತೂಕ ಮತ್ತು ಹೊಸೆತ. ‘ಟು ಬೈ ಟು’ ರೂಬಿಯಾ ಕುಬಸದ ಬಟ್ಟೆ ನೆನಪಿದೆಯೇ? ಹಾಸಿಗೂ ಎರಡೆಳೆ ಹೊಸೆದ ನೂಲು, ಹೊಕ್ಕಿಗೂ (ಅಡ್ಡ ಎಳೆಗೂ) ಎರಡೆಳೆ ಹೊಸೆದ ನೂಲು. ಹೆಸರೇ ಅದರಿಂದ ಬಂದದ್ದು. ಕಂಕುಳಲ್ಲಿ ಬೇಗ ಹರಿಯುತ್ತಿರಲಿಲ್ಲ. ಇಂದು ಅಗ್ಗದ ಬಟ್ಟೆಗಳಲ್ಲಿ ಒಂಟಿ ಎಳೆ, ಅದೂ ಅಂಗುಲಕ್ಕೆ ಕಡಿಮೆ ಎಳೆ. ಈ ಬಡತನವನ್ನು ಮುಚ್ಚಲು ಗಂಜಿ ಮತ್ತು ಅಂಟು ತುಂಬುತ್ತಾರೆ. ಅಂಗಡಿಯಲ್ಲಿ ಕೈಗೆ ಭಾರವಾಗಿ, ಗರಿಗರಿಯಾಗಿ ಸಿಗುವ ಬಟ್ಟೆ ಎರಡು ಒಗೆತಕ್ಕೆ ಜಾಳಾಗುವುದು ಇದಕ್ಕೇ. ಬಟ್ಟೆಯ ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು ಅದಕ್ಕದೇ ಬಿರುಸಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ನೀವು ಗಂಜಿಗೆ ದುಡ್ಡು ಕೊಡುತ್ತಿದ್ದೀರಿ ಎಂದರ್ಥ. ಅಂಗಡಿಯವರು ಮುಖ ಗಂಟಿಕ್ಕಬಹುದು, ಚಿಂತೆ ಇಲ್ಲ.

ಜೀನ್ಸ್ ಕೂಡ ಹಾಗೆಯೇ. ಮೊದಲಿನದು ಪೂರ್ತಿ ಹತ್ತಿ, ಒರಟು, ಹತ್ತು ವರ್ಷ ಬಾಳುತ್ತಿತ್ತು. ಈಗಿನ ಮೆತ್ತನೆಯ ಹಿಗ್ಗುವ ಜೀನ್ಸಿನಲ್ಲಿ ನೂರಕ್ಕೆ ಒಂದೆರಡು ಪಾಲು ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆ ಇರುತ್ತದೆ. ತೊಡಲು ಸುಖ. ಆದರೆ ಬಿಸಿ ನೀರು, ಬಿಸಿಲು, ಬಿಸಿ ಇಸ್ತ್ರಿ, ಬ್ಲೀಚು ಎಲ್ಲವೂ ಅದಕ್ಕೆ ವೈರಿ. ಮೊಣಕಾಲಿನಲ್ಲಿ ಜೋಲು ಬಿದ್ದ ಪ್ಯಾಂಟು ನೋಡಿದರೆ ಅದರೊಳಗಿನ ಸ್ಪ್ಯಾಂಡೆಕ್ಸ್ ಸತ್ತಿದೆ ಎಂದು ತಿಳಿಯಿರಿ. ಸುಖ ಕೊಂಡಿರಿ, ಬಾಳಿಕೆ ಮಾರಿದಿರಿ. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ವ್ಯಾಪಾರವೇ ಹಾಗೆ.

ನಿಮ್ಮ ಯಜಮಾನರ ಖಾಕಿಗೆ ಬರೋಣ. ಎಲ್ಲಕ್ಕಿಂತ ತುರ್ತಿನದು ಅದು.

ಸಮವಸ್ತ್ರದ ಬಟ್ಟೆಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ವ್ಯಾಪಾರದಲ್ಲಿ ಹೆಚ್ಚು ಕಾಣುವ ಪ್ರಮಾಣ 67ಕ್ಕೆ 33, ಪಾಲಿಯೆಸ್ಟರ್ ಮೇಲುಗೈ. ಸುಕ್ಕು ಬೀಳುವುದಿಲ್ಲ, ಬೇಗ ಆರುತ್ತದೆ, ವರ್ಷಗಟ್ಟಲೆ ಹರಿಯುವುದಿಲ್ಲ. ಒಂದು ಕಾಲದಲ್ಲಿ ಟೆರಿಲೀನ್ ಅಂಗಿ ತೊಟ್ಟವನು ಊರಿನಲ್ಲಿ ಸಾಹುಕಾರ. ತೆರಿಗೆ ಹೆಚ್ಚಾಗಿತ್ತು, ಬೆಲೆಯೂ ಹಾಗೆಯೇ ಇತ್ತು. 1985ರ ಜವಳಿ ನೀತಿಯ ನಂತರ ಕೃತಕ ನೂಲಿಗೆ ದಾರಿ ಸಲೀಸಾಯಿತು. ಈಗ ಹತ್ತಿಯೇ ದುಬಾರಿ, ಪಾಲಿಯೆಸ್ಟರೇ ಬಡವನ ಬಟ್ಟೆ. ಒಂದೇ ಆಯುಷ್ಯದಲ್ಲಿ ಈ ತಿರುಗುಮುರುಗನ್ನು ನೋಡಿದವನು ನಾನು. ನನ್ನ ಮದುವೆಗೆ ಪಾಲಿಯೆಸ್ಟರ್-ಹತ್ತಿ ಮಿಶ್ರಣದ ಟೆರಿಕಾಟ್ ಸಿಗಲಿಲ್ಲವೆಂದು ಅತ್ತೆಯ ಮನೆಯವರ ಮೇಲೆ ಮುನಿಸಿಕೊಂಡಿದ್ದೆ.

ಸಾಧಾರಣ ತೇವದ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಸೆಳೆಯುವುದಿಲ್ಲ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಆದರೆ ವಿಜಯಪುರದ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದರೂ ಒಣ ಬಿಸಿಲು. ಹತ್ತಿ ಬೆವರನ್ನು ಹೀರಿ ಗಾಳಿಗೆ ಬಿಡುತ್ತದೆ, ಆ ಆವಿಯಾಗುವಿಕೆಯೇ ಮೈ ತಂಪು ಮಾಡುತ್ತದೆ. ನಮ್ಮ ಹಿರಿಯರ ಧೋತರ, ನೆಹರು ಅಂಗಿ, ಪಟಕಾ ಈ ನೆಲದ ಲೆಕ್ಕಕ್ಕೆ ಸರಿಯಾಗಿಯೇ ಇದ್ದವು.

ಆದರೆ ತಪ್ಪನ್ನೆಲ್ಲ ನೂಲಿನ ಮೇಲೆ ಹೊರಿಸಬೇಡಿ. ಖಾಕಿ ಡ್ರಿಲ್ಲಿನಂಥ ಬಟ್ಟೆಯ ನೇಯ್ಗೆ ಬಹಳ ಒತ್ತು, ಗಾಳಿ ಆಡುವುದಿಲ್ಲ. ಒತ್ತಾದ ಹತ್ತಿಗಿಂತ ತೆಳುವಾದ ಮಿಶ್ರಣವೇ ಕೆಲವೊಮ್ಮೆ ತಂಪು. ಜೊತೆಗೆ ನಮ್ಮ ಕೊಳವೆಬಾವಿಯ ಗಡಸು ನೀರು. ಸಾಬೂನು ಆ ನೀರಿನ ಸುಣ್ಣದ ಅಂಶದೊಡನೆ ಕೂಡಿ ಮೊಸರಿನಂಥ ಜಿಡ್ಡಾಗಿ ಬಟ್ಟೆಯಲ್ಲಿ ಉಳಿಯುತ್ತದೆ. ಬೆವರಿದಾಗ ಅದು ಚರ್ಮ ಕೆರಳಿಸುತ್ತದೆ. ಬಾರ್ ಸಾಬೂನಿನ ಬದಲು ಪುಡಿ ಬಳಸಿ, ಅದೂ ಕಡಿಮೆ, ಮತ್ತು ಒಂದು ಬಕೆಟ್ ಹೆಚ್ಚು ನೀರಿನಲ್ಲಿ ಜಾಲಿಸಿ. ಗಂಜಿ ಹಾಕುವುದನ್ನು ಬೇಸಿಗೆಯಲ್ಲಿ ನಿಲ್ಲಿಸಿ. ಮೆದು ಮಾಡುವ ದ್ರಾವಣವೂ ಬೇಡ, ಅದು ಎಳೆಯ ಮೇಲೆ ಎಣ್ಣೆಯಂಥ ಪದರ ಬಿಟ್ಟು ಹೀರುವ ಗುಣ ಕಡಿಮೆ ಮಾಡುತ್ತದೆ. ಒಳಗೆ ಸಡಿಲವಾದ ಹತ್ತಿ ಬನಿಯನ್ ತೊಡಲಿ. ಮೈಗೆ ಇನ್ನೊಂದು ಪದರವೇ ಎಂದು ಅವರು ಹೇಳಬಹುದು, ಆದರೆ ಬೆವರು ಹೀರುವ ಪದರ ಚರ್ಮಕ್ಕೆ ತಾಗಿರಬೇಕು. ಇಲಾಖೆಯ ನಿಯಮ ಒಪ್ಪಿದರೆ, ಅದೇ ಬಣ್ಣದಲ್ಲಿ ಹತ್ತಿ ಹೆಚ್ಚಿರುವ ಬಟ್ಟೆ ಹೊಲಿಸಬಹುದು. ಸುಕ್ಕು ಬೀಳುತ್ತದೆ, ಬೇಗ ಮಾಸುತ್ತದೆ, ದಿನವೂ ಇಸ್ತ್ರಿ ಬೇಕು. ಆ ಇಸ್ತ್ರಿ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಿ.

‘ಸುಕ್ಕು ಬೀಳದ ಪೂರ್ತಿ ಹತ್ತಿ’ ಎಂದು ಮಾರುವ ಅಂಗಿಗಳ ಬಗ್ಗೆಯೂ ಒಂದು ಮಾತು. ಅವುಗಳಿಗೆ ರಾಳದ ಸಂಸ್ಕಾರ ಕೊಟ್ಟಿರುತ್ತಾರೆ. ಅದರಿಂದ ಸ್ವಲ್ಪ ಫಾರ್ಮಾಲ್ಡಿಹೈಡ್ ಬಿಡುಗಡೆಯಾಗಬಹುದು, ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಹತ್ತಿಯ ಬಲವೂ ತಗ್ಗುತ್ತದೆ. ಯಾವುದೇ ಹೊಸ ಬಟ್ಟೆಯನ್ನು ಒಗೆದೇ ತೊಡುವುದು ಒಳ್ಳೆಯದು. ಗುಳ್ಳೆಗಳು ತಂಪು ಹೊತ್ತಿನಲ್ಲೂ ಇಳಿಯದೆ, ಬಟ್ಟೆ ಒತ್ತುವ ಕಡೆಯಲ್ಲೇ ಚಕ್ಕೆಯಂತೆ ಕಾಣಿಸಿದರೆ ಬಣ್ಣದ ಅಲರ್ಜಿ ಇರಬಹುದು. ಕಡು ಬಣ್ಣದ ಕೃತಕ ಬಟ್ಟೆಗಳಿಗೆ ಹಾಕುವ ಕೆಲವು ‘ಡಿಸ್ಪರ್ಸ್’ ಬಣ್ಣಗಳು, ಮುಖ್ಯವಾಗಿ ಕಡುನೀಲಿ, ಇದಕ್ಕೆ ಹೆಸರಾದವು. ಆಗ ನನ್ನ ಮಾತು ಸಾಲದು, ಚರ್ಮದ ವೈದ್ಯರಿಗೆ ತೋರಿಸಿ.

ಕ್ಯಾನ್ಸರಿನ ಸಂದೇಶವನ್ನು ಅಳಿಸಿಹಾಕಿ. ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನೇ ಎಳೆ ಮಾಡಿದ್ದು. ಅದನ್ನು ತೊಟ್ಟರೆ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಆದರೆ ಆ ಭಯಕ್ಕೆ ಒಂದು ನಿಜವಾದ ಬೇರಿದೆ. ಬೆಂಜಿಡೀನ್ ಮೂಲದ ಕೆಲವು ಬಣ್ಣಗಳನ್ನು ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡುಬಂದಿತ್ತು. ಅಂಥವುಗಳೂ ಸೇರಿದಂತೆ 112 ಬಣ್ಣಗಳನ್ನು ಭಾರತ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿತು. ಆ ಬಣ್ಣಗಳಲ್ಲಿ ಹಲವನ್ನು ಬಳಸುತ್ತಿದ್ದದ್ದು ಹತ್ತಿಗೆ. ಅಂದರೆ ಅಪಾಯವಿದ್ದದ್ದು ಬಣ್ಣದಲ್ಲಿ, ಅದರ ಬಿಸಿ ಹೆಚ್ಚು ತಟ್ಟಿದ್ದು ಅದನ್ನು ಕೈಯಲ್ಲಿ ಕಲಸಿದವರಿಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೈಗವಸು ಎಂಬುದೇ ಇರಲಿಲ್ಲ. ಸಂಜೆ ಊಟಕ್ಕೆ ಕುಳಿತರೆ ರೊಟ್ಟಿಗೆ ಬೆರಳಿನ ಬಣ್ಣ ಹತ್ತುತ್ತಿತ್ತು. ಹಳೆಯ ಕಾಲವನ್ನು ಹೊಗಳುವವರ ಮುಂದೆ ನನಗೆ ಆ ರೊಟ್ಟಿಯ ನೆನಪಾಗುತ್ತದೆ.

ಅಡುಗೆಮನೆಯಲ್ಲಿ ಮಾತ್ರ ಕೃತಕ ಬಟ್ಟೆಯ ಬಗ್ಗೆ ನನಗೂ ಭಯವಿದೆ. ನೈಲಾನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಗಾಯ ಆಳವಾಗುತ್ತದೆ. ಹತ್ತಿಯೂ ಸುರಕ್ಷಿತವಲ್ಲ, ಅದು ಬೇಗ ಹೊತ್ತಿ ಉರಿಯುತ್ತದೆ. ಒಲೆಯ ಮುಂದೆ ದಪ್ಪ ಹತ್ತಿ ಉಡಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಜೋಲುವ ಸೆರಗು ಯಾವ ನೂಲಿನದಾದರೂ ಅಪಾಯವೇ.

ಮಗನ ಟೀ ಶರ್ಟು. ಆಟದ ಬಟ್ಟೆಯ ಪಾಲಿಯೆಸ್ಟರ್ ಹಳೆಯ ಟೆರಿಲೀನ್ ಅಲ್ಲ. ಎಳೆ ಕೂದಲಿಗಿಂತ ಬಹಳ ಸಣ್ಣದು. ಕೆಲವದರಲ್ಲಿ ಎಳೆಯ ಮೈಮೇಲೆ ಉದ್ದುದ್ದ ಕಾಲುವೆಗಳಂಥ ಗೆರೆಗಳಿರುತ್ತವೆ. ಬೆವರು ಆ ಕಾಲುವೆಗಳಲ್ಲಿ ಹರಿದು ಹೊರಗೆ ಹರಡಿ ಆರುತ್ತದೆ. ಓಡುವ ಹುಡುಗನಿಗೆ ಹತ್ತಿಗಿಂತ ಇದೇ ವಾಸಿ. ಕಷ್ಟವೆಂದರೆ ಈ ನೂಲಿಗೆ ನೀರು ಬೇಡ, ಎಣ್ಣೆ ಬೇಕು. ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ನಾತ ಬರುತ್ತದೆ. ಒಳಮೈ ಹೊರಗೆ ತಿರುಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಆಟ ಮುಗಿದ ಮೇಲೆ ಬ್ಯಾಗಿನಲ್ಲಿ ಮುದುಡಿ ಇಡದೆ ಅದೇ ದಿನ ಒಗೆಯುವುದು ಮುಖ್ಯ. ಮಲಗುವಾಗಲೂ ಅದನ್ನೇ ತೊಡುತ್ತಾನೆ ಎಂದಾದರೆ ಅದನ್ನು ಬಿಡಿಸಿ, ಹತ್ತಿಯ ಬನಿಯನ್ ಕೊಡಿ.

‘ಪ್ಯೂರ್ ಕಾಟನ್’ ಚೀಟಿ ನಂಬಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಲಿಗೆಯ ಒಳಗಿನಿಂದ ಎರಡು ಎಳೆ ಬಿಚ್ಚಿ, ಮನೆಯ ಹೊರಗೆ, ಚಿಮ್ಮಟದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ಚಮಕಾವೂ ಹಾಗೆಯೇ ಉರಿಯುತ್ತದೆ, ಅವೆರಡನ್ನು ಬೆಂಕಿ ಬೇರೆ ಮಾಡದು. ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಉರಿದೂ ಮಣಿ ಉಳಿದರೆ ಮಿಶ್ರಣ.

ಬರೀ ಹತ್ತಿಗೆ ಮರಳಬೇಕೆ? ಬೇಡ. ಮೈಗೆ ತಾಗುವ ಒಳ ಉಡುಪು, ಹಾಸಿಗೆಯ ಹೊದಿಕೆ, ಬೇಸಿಗೆಯ ಅಂಗಿ, ಅಡುಗೆಮನೆಯ ಸೀರೆ ಹತ್ತಿಯದಾಗಿರಲಿ. ಶಾಲೆಗೆ ನೀವು ಉಟ್ಟು ಹೋಗುವ ಸೀರೆ ಮಿಶ್ರಣವಾದರೆ ಬೆಳಗಿನ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯನ್ನು ನಿಮ್ಮ ಅವ್ವನ ಪೀಳಿಗೆ ಗಂಜಿ ಕಾಯಿಸುವುದರಲ್ಲಿ, ನೀಲಿ ಹಾಕುವುದರಲ್ಲಿ ಕಳೆದಿದೆ.

ಕೌದಿಯ ವಿಷಯದಲ್ಲಿ ಅವ್ವನಿಗೇ ಗೆಲುವು. ಪಾಲಿಯೆಸ್ಟರ್ ತುಂಡು ಜಾರುತ್ತದೆ, ಸೂಜಿಗೆ ಸಿಗುವುದಿಲ್ಲ, ಬೆವರು ಹೀರುವುದಿಲ್ಲ. ಹತ್ತಿಯ ಜೊತೆ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಕೌದಿಯ ತುಂಬ ನೆರಿಗೆ ಏಳುತ್ತದೆ. ಅವರು ಈ ಬೇಸಿಗೆಯಲ್ಲಿ ಕೌದಿಗೆ ಕೂರುವುದಾದರೆ ತುಂಡುಗಳನ್ನೆಲ್ಲ ಮೊದಲು ಬಿಸಿ ನೀರಿನಲ್ಲಿ ಒಗೆದು ಆರಿಸಲಿ. ಕಡ್ಡಿ ಗೀರಿ ನೋಡಿ ಮಣಿಯಾಗುವ ತುಂಡುಗಳನ್ನು ಬೇರೆ ಇಡಲಿ. ಕಲೆಯಾದ ನಿಮ್ಮ ಖಣದ ಕುಬಸವನ್ನು ಎಸೆಯಬೇಡಿ. ಕೌದಿಯ ಅಂಚಿಗೆ ಚೆನ್ನಾಗಿ ಒಪ್ಪುತ್ತದೆ.